ಮೈಟ್ರಲ್ ವಾಲ್ವ್ ಲೀಕ್: ಎಸಳು ಕತ್ತರಿಸುವುದೇ, ಹೊಸ ತಂತು ಕಟ್ಟುವುದೇ?

ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿ ಸರಿಯಾಗಿ ಓದಿಕೊಳ್ಳಿ. ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್‌ಗೆ ಎರಡು ಎಸಳು. ಅವುಗಳ ಅಂಚನ್ನು ಕೆಳಗಿನ ಪ್ಯಾಪಿಲರಿ ಸ್ನಾಯುವಿಗೆ ಬಿಗಿದಿರುವ ತಂತು ಹರಿದರೆ ಅಥವಾ ಸಡಿಲವಾದರೆ ಎಸಳು ಮಗುಚಿ ರಕ್ತ ಹಿಂದಕ್ಕೆ ಸೋರುತ್ತದೆ. ಹೆಚ್ಚಾಗಿ ಕೆಡುವುದು ಹಿಂದಿನ ಎಸಳಿನ ನಡುಭಾಗ, ವರದಿಯಲ್ಲಿ ‘ಪಿ2’ ಎಂದು ಬರೆದಿರುವುದು. ಕೆಳಗಿನ ಹೋಲಿಕೆ ಇಂಥ ವಾಲ್ವ್‌ಗೆ ಮಾತ್ರ. ನಮ್ಮಲ್ಲಿ ಇಂದಿಗೂ ಸಾಮಾನ್ಯವಾಗಿರುವ ರುಮ್ಯಾಟಿಕ್ ಕಾಯಿಲೆಯಲ್ಲಿ ಎಸಳು ದಪ್ಪಗಾಗಿ ಮುದುಡಿರುತ್ತದೆ. ಅದರ ಲೆಕ್ಕಾಚಾರವೇ ಬೇರೆ.

ಕತ್ತರಿಸುವ ವಿಧಾನವನ್ನು ರೂಢಿಗೆ ತಂದವರು ಫ್ರಾನ್ಸಿನ ಅಲೆನ್ ಕಾರ್ಪೆಂಟಿಯರ್. ಮಗುಚಿದ ತುಂಡನ್ನು ತೆಗೆದು ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ಹಿಂದೆ ಚೌಕಾಕಾರದಲ್ಲಿ ದೊಡ್ಡ ತುಂಡು ತೆಗೆಯುತ್ತಿದ್ದರು, ಈಗ ಸಣ್ಣ ತ್ರಿಕೋನ ಸಾಕೆನ್ನುವವರೇ ಹೆಚ್ಚು. ಅತಿಯಾಗಿ ಕತ್ತರಿಸಿದರೆ ಹೊಲಿಗೆಯ ಮೇಲೆ ಎಳೆತ ಬಿದ್ದು ಬಿಚ್ಚಿಕೊಳ್ಳುತ್ತದೆ. ಎಸಳು ತೀರಾ ಎತ್ತರವಾಗಿದ್ದರೆ ಬುಡದಿಂದ ಬಿಡಿಸಿ, ಜರುಗಿಸಿ ಹೊಲಿದು, ಎತ್ತರವನ್ನು ಸುಮಾರು 15 ಮಿ.ಮೀ.ಗೆ ಇಳಿಸಬೇಕು.

ತಂತು ಕಟ್ಟುವ ವಿಧಾನದಲ್ಲಿ ಎಸಳಿಗೆ ಕತ್ತರಿ ಹಾಕುವುದಿಲ್ಲ. ಸಿವಿ-4 ಅಥವಾ ಸಿವಿ-5 ಗೋರ್-ಟೆಕ್ಸ್ ದಾರವನ್ನು ಸ್ನಾಯುವಿನ ಗಟ್ಟಿ ತುದಿಯಲ್ಲಿ ಹಾಯಿಸಿ, ಎಸಳಿನ ಅಂಚಿಗೆ ತಂದು ಗಂಟು ಹಾಕುತ್ತಾರೆ. ಕಷ್ಟವಿರುವುದು ಉದ್ದದಲ್ಲಿ. ಪಕ್ಕದ ಒಳ್ಳೆಯ ತಂತುವನ್ನು ಅಳೆದು, ಹೃತ್ಕುಕ್ಷಿಗೆ ಸಲೈನ್ ತುಂಬಿ ನೋಡಿದ ಮೇಲೆಯೇ ಗಂಟು ಬಿಗಿಯಬೇಕು. ದಾರ ನುಣುಪು, ಗಂಟು ಜಾರುತ್ತದೆ, ಆದ್ದರಿಂದ ಸುತ್ತುಗಳು ಹೆಚ್ಚು ಬೇಕು. ತಂತು ಗಿಡ್ಡವಾದರೆ ಎಸಳು ಕೆಳಗೇ ಸಿಕ್ಕಿಕೊಳ್ಳುತ್ತದೆ, ಉದ್ದವಾದರೆ ಮತ್ತೆ ಮಗುಚುತ್ತದೆ. ಲೀಕ್‌ನಿಂದ ಹಿಗ್ಗಿದ್ದ ಹೃದಯ ತಿಂಗಳುಗಳಲ್ಲಿ ಕುಗ್ಗಿದಾಗ, ಅಂದು ಸರಿಯಿದ್ದ ತಂತುವೇ ಉದ್ದವೆನಿಸಬಹುದು. ಅನುಭವಿಗಳು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಯಾವುದು ಮೇಲು? ಪಿ2 ಒಂದೇ ಕೆಟ್ಟಿದ್ದರೆ ಕೈ ಪಳಗಿದ ವಿಧಾನವೇ ಮೇಲು. ಕೆನಡಾದಲ್ಲಿ 104 ರೋಗಿಗಳಲ್ಲಿ ಎರಡನ್ನೂ ಹೋಲಿಸಿದಾಗ, ವರ್ಷದ ಬಳಿಕ ವ್ಯಾಯಾಮದ ವೇಳೆ ವಾಲ್ವ್‌ನ ಎರಡು ಬದಿಯ ಒತ್ತಡದ ಅಂತರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಎಸಳು ಕೆಟ್ಟಿದ್ದರೆ ಮಾತ್ರ ತಂತುವಿನ ಕಡೆಗೇ ನಮ್ಮ ಒಲವು. ಅಲ್ಲಿ ದೊಡ್ಡದಾಗಿ ಕತ್ತರಿಸಿದರೆ ಎಸಳು ಸಾಲದಾಗುತ್ತದೆ.

ಎರಡರಲ್ಲೂ ವಾಲ್ವ್‌ನ ಬುಡದ ಸುತ್ತ ಹೊಲಿಯುವ ರಿಂಗ್ ಬಿಡುವಂತಿಲ್ಲ. ಅದಿಲ್ಲದಿದ್ದರೆ ವಾಲ್ವ್‌ನ ಸುತ್ತಳತೆ ಹಿಗ್ಗಿ ಲೀಕ್ ಮರಳುತ್ತದೆ. ರಿಂಗ್‌ನ ಅಳತೆಗೆ ಮುಂದಿನ ಎಸಳೇ ಆಧಾರ. ಅದನ್ನು ಹೊಲಿಯುವಾಗ ಎಡಬದಿಯಲ್ಲಿ ಸೂಜಿ ಆಳಕ್ಕೆ ಹೋದರೆ ಹೃದಯಕ್ಕೇ ರಕ್ತ ಕೊಡುವ ಸರ್ಕಮ್‌ಫ್ಲೆಕ್ಸ್ ರಕ್ತನಾಳಕ್ಕೆ ಕುತ್ತು.

ಕೊನೆಯ ಪರೀಕ್ಷೆ ಶಸ್ತ್ರಚಿಕಿತ್ಸೆಯ ವೇಳೆ ಹೃದಯ-ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರದಿಂದ ಇಳಿಸಿದ ಮೇಲೆ, ಅನ್ನನಾಳದ ಎಕೋದಲ್ಲಿ. ಎಸಳುಗಳು ಕನಿಷ್ಠ 8 ಮಿ.ಮೀ. ಒಂದಕ್ಕೊಂದು ತಾಗಿ ಮುಚ್ಚಬೇಕು. ಮುಂದಿನ ಎಸಳು ಮಹಾಪಧಮನಿಯ ದಾರಿಗೆ ಅಡ್ಡ ಬರುತ್ತಿದ್ದರೆ (‘ಸ್ಯಾಮ್’) ಹೃದಯವನ್ನು ಜೋರಾಗಿ ಬಡಿಸುವ ಔಷಧಿ ನಿಲ್ಲಿಸಿ, ದ್ರವ ಏರಿಸಿ, ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಕೊಡುತ್ತಾರೆ. ಅಷ್ಟಕ್ಕೂ ಬಗ್ಗದಿದ್ದರೆ, ಅಥವಾ ಲೀಕ್ ಅಲ್ಪಕ್ಕಿಂತ ಹೆಚ್ಚು ಉಳಿದಿದ್ದರೆ, ಎದೆ ಮುಚ್ಚುವ ಮೊದಲೇ ಮತ್ತೆ ಯಂತ್ರಕ್ಕೆ ಹಾಕಿ ಸರಿಪಡಿಸಬೇಕು.