ಒಗರಿಗೆ ನಾಲಿಗೆ ಒಗ್ಗಿದ ಬಗೆ

ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಮೂರು ಎಕರೆ ದ್ರಾಕ್ಷಿ ತೋಟ. ಅರ್ಧಕ್ಕೆ ಬೆಂಗಳೂರು ಬ್ಲೂ, ಉಳಿದರ್ಧಕ್ಕೆ ದಿಲ್‌ಖುಷ್. ಚಪ್ಪರದ ಕೆಳಗೇ ಆಡಿ ಬೆಳೆದವನಾದ್ದರಿಂದ ದ್ರಾಕ್ಷಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲವೆಂಬ ಜಂಬ ನನಗಿತ್ತು. ಅದನ್ನು ಇಳಿಸಿದ್ದು ಇಟಲಿಯ ಒಂದು ಬಾಟಲಿ.

ಬೆಂಗಳೂರಿನ ಅಂಗಡಿಯೊಂದರಿಂದ ಬರೋಲೊ ವೈನ್ ತಂದಿದ್ದೆ. ಕೊಟ್ಟ ಬೆಲೆಯನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ. ಅದನ್ನು ಬೇಸಿಗೆಯಲ್ಲಿ ಒಂದೂವರೆ ತಿಂಗಳು ಅಡುಗೆಮನೆಯ ಅಟ್ಟದ ಮೇಲೆ ನಿಲ್ಲಿಸಿಟ್ಟು, ಯುಗಾದಿಯ ಹೊಸತೊಡಕಿನ ದಿನ ಖಾರವಾದ ನಾಟಿಕೋಳಿ ಸಾರು, ಮುದ್ದೆಯ ಜೊತೆಗೆ ತೆರೆದೆ. ಒಂದು ಗುಟುಕು ಕುಡಿದ ಚಿಕ್ಕಪ್ಪ ಲೋಟ ಕೆಳಗಿಟ್ಟು, “ಏನೋ ಇದು, ನೇರಳೆಕಾಯಿ ಕಚ್ಚಿದಂಗೈತಲ್ಲೋ! ಇದಕ್ಕಾ ಅಷ್ಟು ದುಡ್ಡು ಸುರಿದೆ?” ಎಂದರು. ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಮೇಲಾಗಿ ಸಾರಿನ ಖಾರ ಬಾಯಲ್ಲಿ ಎರಡರಷ್ಟು ಉರಿಯುತ್ತಿತ್ತು.

ತಪ್ಪು ವೈನಿನದಲ್ಲ, ನನ್ನದು ಎಂದು ತಿಳಿಯಲು ಕೆಲವು ತಿಂಗಳು ಹಿಡಿಯಿತು. ಬರೋಲೊ ತಯಾರಾಗುವುದು ವಾಯವ್ಯ ಇಟಲಿಯ ಪಿಯೆಮಾಂಟೆ ಪ್ರಾಂತ್ಯದ ನೆಬ್ಬಿಯೋಲೊ ಎಂಬ ತಳಿಯಿಂದ. ಅದರ ಬಣ್ಣ ತೆಳು, ಆದರೆ ಸಿಪ್ಪೆ ಮತ್ತು ಬೀಜಗಳಿಂದ ಇಳಿಯುವ ಟ್ಯಾನಿನ್, ಅಂದರೆ ನಮ್ಮ ಮಾತಿನಲ್ಲಿ ಒಗರು, ವಿಪರೀತ. ಆ ಒಗರು ಮಾಗಲೆಂದೇ ಬರೋಲೊವನ್ನು ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಇಟ್ಟ ಮೇಲೆಯೇ ಮಾರಬೇಕೆಂದು ಅಲ್ಲಿನ ನಿಯಮ ಹೇಳುತ್ತದೆ. ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗುತ್ತದೆ. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಇನ್ನಷ್ಟು ಕೆರಳಿಸುತ್ತದೆ. ಎರಡನ್ನೂ ಒಟ್ಟಿಗೆ ಚಿಕ್ಕಪ್ಪನ ಮುಂದಿಟ್ಟವನು ನಾನೇ.

ನಮ್ಮಲ್ಲಿ ಹಣ್ಣು ಕೊಳ್ಳಲು ಬರುವವರು ರಸದ ಸಿಹಿ ಅಳೆಯುವ ರಿಫ್ರಾಕ್ಟೋಮೀಟರ್ ಹಿಡಿದು ಕೇಳುವುದು ಒಂದೇ ಪ್ರಶ್ನೆ: ಬ್ರಿಕ್ಸ್, ಅಂದರೆ ಸಿಹಿಯ ಅಳತೆ, ಎಷ್ಟು? ಸಿಹಿಯೊಂದನ್ನೇ ಅಳೆದು ಅಭ್ಯಾಸವಾದ ನನಗೆ, ಆ ಸಿಹಿಯೆಲ್ಲ ಹುದುಗಿ ಮದ್ಯಸಾರವಾಗಿ ಹೋದ ಮೇಲೆ ಉಳಿಯುವ ಹುಳಿ ಮತ್ತು ಒಗರಿನಲ್ಲಿಯೇ ಒಣ ವೈನಿನ, ಅಂದರೆ ಸಿಹಿ ಉಳಿಯದ ವೈನಿನ, ಮೈಕಟ್ಟು ಇದೆ ಎಂಬುದು ಹೊಳೆದಿರಲಿಲ್ಲ. ಹಾಗಾಗಿ ಒಗರು ಕಡಿಮೆಯಿರುವಲ್ಲಿಂದ ಮತ್ತೆ ಶುರುಮಾಡಿದೆ. ಮೊದಲು ಫ್ರಾನ್ಸಿನ ಬೊಜೊಲೆ. ಗಾಮೆ ತಳಿಯ ಈ ಕೆಂಪು ವೈನನ್ನು ಸ್ವಲ್ಪ ತಣ್ಣಗೆ ಮಾಡಿಯೇ ಕುಡಿಯಬೇಕು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ತಳಿಯನ್ನು ನೀಚ ಗಿಡವೆಂದು ಜರಿದು ಕಿತ್ತೆಸೆಯಲು ಆಜ್ಞೆ ಹೊರಡಿಸಿದ್ದನಂತೆ. ಗೊಂಚಲು ಧಾರಾಳವಾಗಿ ಬಿಡುವುದೂ ಅದರ ಮೇಲಿದ್ದ ಒಂದು ಆಪಾದನೆ ಎಂದು ಓದಿದಾಗ ಬೆಳೆಗಾರನಾದ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಪಿಯೆಮಾಂಟೆಯದೇ ಬಾರ್ಬೆರಾ: ಹುಳಿ ಚುರುಕು, ಒಗರು ಹಗುರ. ಅದರ ನಂತರ ಟಸ್ಕನಿಯ ಕಿಯಾಂತಿ ಕ್ಲಾಸಿಕೊ. ಕತ್ತಿನ ಮೇಲೆ ಕಪ್ಪು ಹುಂಜದ ಗುರುತಿರುವ, ಶೇಕಡಾ 80ಕ್ಕೆ ಕಡಿಮೆಯಿಲ್ಲದಂತೆ ಸಾಂಜೊವೇಸೆ ಹಣ್ಣಿರುವ ವೈನ್ ಇದು.

ಲೇಬಲ್ ಓದುವುದು ಬೇರೆಯೇ ತಲೆನೋವು. ಶಾಬ್ಲಿ ಎಂದರೆ ಫ್ರಾನ್ಸಿನ ಒಂದು ಊರು; ಒಳಗಿರುವುದು ಶಾರ್ಡನೆ ತಳಿಯ ದ್ರಾಕ್ಷಿ ಎಂಬುದು ನಮಗೆ ಮೊದಲೇ ಗೊತ್ತಿರಬೇಕು. ನಾವು ಬ್ಯಾಡಗಿ ಎಂದರೆ ಸಾಕು, ಮೆಣಸಿನಕಾಯಿ ಎಂದು ಬಿಡಿಸಿ ಹೇಳಬೇಕಾಗಿಲ್ಲವಲ್ಲ, ಹಾಗೆ. ಇಟಲಿಯವರು ಇನ್ನೂ ಒಂದು ಕೈ ಮೇಲು: ‘ವೀನೊ ನೋಬಿಲೆ ದಿ ಮೊಂತೆಪುಲ್ಚಾನೊ’ದಲ್ಲಿ ಮೊಂತೆಪುಲ್ಚಾನೊ ಊರಿನ ಹೆಸರು, ಹಣ್ಣು ಮುಖ್ಯವಾಗಿ ಸಾಂಜೊವೇಸೆ, ‘ಮೊಂತೆಪುಲ್ಚಾನೊ ದಬ್ರುತ್ಸೊ’ದಲ್ಲಿ ಅದೇ ಪದ ತಳಿಯ ಹೆಸರು. ಒಂದೆಂದು ತಿಳಿದು ಇನ್ನೊಂದನ್ನು ತಂದು ನಾನು ಎರಡು ಸಲ ಮೋಸಹೋಗಿದ್ದೇನೆ.

ರುಚಿಯನ್ನು ಬರೆದಿಟ್ಟುಕೊಳ್ಳಲು ಒಂದು ನೋಟ್‌ಬುಕ್ ಇಟ್ಟೆ. ವೈನಿನ ಪುಸ್ತಕಗಳು ಹೆಸರಿಸುವ ಬ್ಲ್ಯಾಕ್‌ಕರಂಟ್, ವಯೊಲೆಟ್ ಮುಂತಾದವನ್ನು ನಾನು ಕಂಡವನೂ ಅಲ್ಲ, ಮೂಸಿದವನೂ ಅಲ್ಲ. ಅವನ್ನೇ ನಕಲು ಮಾಡುತ್ತಿದ್ದಷ್ಟು ದಿನ ನನ್ನ ನೋಟ್‌ಬುಕ್ಕಿನ ಎಲ್ಲ ಪುಟಗಳೂ ಒಂದೇ ರೀತಿ ಇದ್ದವು. ಶಾಬ್ಲಿಯ ಮುಂದೆ ‘ನಿಂಬೆ ಸಿಪ್ಪೆ, ಮೊದಲ ಮಳೆಗೆ ನೆನೆದ ಬಂಡೆ’ ಎಂದು ಬರೆದ ದಿನದಿಂದ ಒಂದು ವೈನಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನೆನಪಿನಲ್ಲಿ ನಿಲ್ಲತೊಡಗಿತು. ಫ್ರಾನ್ಸಿನ ಅಲ್ಸಾಸ್‌ ಪ್ರಾಂತ್ಯದ ಗೆವುರ್ಟ್ಸ್‌ಟ್ರಾಮಿನರ್ ಎಂಬ ಬಿಳಿ ವೈನಿಗೆ ಪನ್ನೀರು ಎಂಬ ಒಂದೇ ಪದ ಸಾಕಾಯಿತು. ಖಾರದ ಊಟಕ್ಕೆ ನಾನು ಈಗ ತೆಗೆಯುವುದು ತುಸು ಸಿಹಿ ಉಳಿದಿರುವ ಅದನ್ನೇ.

ಇಡುವ ವ್ಯವಸ್ಥೆಯನ್ನೂ ಬದಲಿಸಿದೆ. ಏಪ್ರಿಲ್‌ನಲ್ಲಿ ಅಟ್ಟದ ಮೇಲೆ ಥರ್ಮಾಮೀಟರ್ ಇಟ್ಟು ನೋಡಿದರೆ 34 ಡಿಗ್ರಿ. ಮನೆಯ ಹಳೆಯ ಫ್ರಿಜ್ಜಿಗೆ, 14 ಡಿಗ್ರಿಗೆ ಇಳಿದೊಡನೆ ಕರೆಂಟು ಕಡಿಯುವ ಒಂದು ಸಣ್ಣ ಕಂಟ್ರೋಲರ್ ಹಾಕಿಸಿ, ಬಾಟಲಿಗಳನ್ನು ಕಾರ್ಕ್ ಒಣಗದಂತೆ ಮಲಗಿಸಿಟ್ಟಿದ್ದೇನೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಕೋಣೆಗಳನ್ನು ನೋಡಿ ಹುಟ್ಟಿದ್ದು. ನಮ್ಮೂರಿನ ಕೋಣೆಗೆ ಅದು ಹೊಂದುವುದಿಲ್ಲ. 16–18 ಡಿಗ್ರಿಯಲ್ಲಿ ಬಡಿಸಿದರೆ ಮದ್ಯಸಾರದ ಘಾಟು ಮೂಗಿಗೆ ಹೊಡೆಯುವುದಿಲ್ಲ.

ಎರಡನೆಯ ಬರೋಲೊ ತೆರೆದದ್ದು ಮೂರು ವರ್ಷದ ಬಳಿಕ, ಡಿಸೆಂಬರ್‌ನ ಒಂದು ಸಂಜೆ. ಊಟಕ್ಕೆ ಎರಡು ಗಂಟೆ ಮೊದಲೇ ಅಗಲ ಬಾಯಿಯ ಗಾಜಿನ ಹೂಜಿಗೆ ಬಗ್ಗಿಸಿ, ಖಾರ ಕಡಿಮೆ ಹಾಕಿ ಕೊಬ್ಬಿನೊಡನೆ ನಿಧಾನವಾಗಿ ಬೇಯಿಸಿದ ಕುರಿಮಾಂಸದ ಜೊತೆ ಕೊಟ್ಟೆ. ಮಾಂಸದ ಪ್ರೋಟೀನು, ಕೊಬ್ಬು ಒಗರನ್ನು ಹಿಡಿದಿಟ್ಟಿದ್ದವು. ಒಣಗಿದ ಗುಲಾಬಿ ಎಸಳು, ಅದರ ಹಿಂದೆಯೇ ಹೊಸ ರಸ್ತೆಗೆ ಸುರಿದ ಡಾಂಬರಿನ ವಾಸನೆ ತೆಳುವಾಗಿ ಬಂದವು. ನೆಬ್ಬಿಯೋಲೊ ಎಂಬ ಹೆಸರು ಮಂಜು ಎಂಬರ್ಥದ ಇಟಾಲಿಯನ್ ಪದದಿಂದ ಬಂದಿದೆ ಎನ್ನುತ್ತಾರೆ. ನಂದಿಬೆಟ್ಟದ ಕಡೆಯಿಂದ ಮಂಜು ಇಳಿಯುತ್ತಿದ್ದ ಆ ಹೊತ್ತಿನಲ್ಲಿ ನಾನು ಅದನ್ನು ಚಿಕ್ಕಪ್ಪನಿಗೆ ವಿವರಿಸಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ. ಮೂಳೆಯನ್ನು ತಟ್ಟೆಯ ಅಂಚಿಗೆ ಸರಿಸಿ, “ಒಗರು ಹಂಗೇ ಐತೆ ಕಣೋ, ಆದ್ರೆ ಈಗ ನೇರಳೆ ಹಣ್ಣಾಗೈತೆ” ಎಂದು ಲೋಟ ಮುಂದೆ ನೂಕಿದರು.