ಪಿಸ್ತೂಲು ಕೈಕೊಟ್ಟರೆ ಮೊದಲು ಕಿವಿಗೊಡಿ

ಮಲೆನಾಡಿಗೆ ಕೋವಿ ಹೊಸತೇನಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಂದಿ, ಮಂಗಗಳ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕೇಪಿನ ಕೋವಿಯಲ್ಲಿ ಪಳಗಿದ ಕೈಗೆ ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಪಿಸ್ತೂಲು ಬೇರೆಯದೇ ಜಾತಿ. ಒಂದು ಈಡು ಹಾರಿದ ಬೆನ್ನಿಗೇ ಸ್ಲೈಡ್, ಅಂದರೆ ನಳಿಗೆಯ ಮೇಲೆ ಹಿಂದೆಮುಂದೆ ಜಾರುವ ಕವಚ, ಹಿಂದೆ ಸರಿದು, ತೋಟಾದ ಖಾಲಿ ಕೋಶವನ್ನು ಹೊರಗೆಸೆದು, ಮುಂದಿನ ತೋಟಾವನ್ನು ನಳಿಗೆಗೆ ತಳ್ಳಿರುತ್ತದೆ. ಹಾಗಾಗಿ ನಡುವೆ ನಿಂತುಹೋದ ಪಿಸ್ತೂಲಿನೊಳಗೆ ತೋಟಾ ಇದ್ದೇ ಇದೆ ಎಂದುಕೊಳ್ಳಬೇಕು.

ನಿಂತ ಕೂಡಲೇ ಬೆರಳನ್ನು ಕುದುರೆಯಿಂದ (ಟ್ರಿಗರ್‌ನಿಂದ) ತೆಗೆಯಿರಿ. ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇರಲಿ. ಏನಾಯಿತೆಂದು ಇಣುಕುವ ಆತುರದಲ್ಲಿ ಅದನ್ನು ಪಕ್ಕಕ್ಕೆ ತಿರುಗಿಸುವವರೇ ಹೆಚ್ಚು. ಪಕ್ಕದಲ್ಲಿ ನಿಂತವನ ಗತಿ ಏನು? ಆಮೇಲೆ ಯಾವ ಶಬ್ದ ಬಂತೆಂದು ನೆನಪಿಸಿಕೊಳ್ಳಿ. ಮುಂದಿನ ಕೆಲಸವೆಲ್ಲ ಅದನ್ನೇ ಅವಲಂಬಿಸಿದೆ.

ಬರೀ ‘ಟಕ್’ ಎಂದಿದ್ದರೆ ತೋಟಾದ ತಳದಲ್ಲಿ ಕಿಡಿ ಹಚ್ಚುವ ಕೇಪು ಹೊತ್ತಿಲ್ಲ, ಅಥವಾ ಇನ್ನೂ ಹೊತ್ತಿಲ್ಲ. ಮದ್ದು ತಡವಾಗಿ ಸಿಡಿಯುವುದುಂಟು. ಅಭ್ಯಾಸದ ವೇಳೆಯಾದರೆ 30 ಸೆಕೆಂಡು ಹಾಗೆಯೇ ಹಿಡಿದಿರಿ. ಬಳಿಕ ತೋಟಾ ತುಂಬಿಡುವ ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು ತೋಟಾವನ್ನು ಕೆಳಗೆ ಬೀಳಿಸಿ. ಅಂಗೈ ಒಡ್ಡಿ ಹಿಡಿಯಬೇಡಿ. ಬಿದ್ದ ತೋಟಾದ ತಳ ನೋಡಿ: ಗುಳಿ ಆಳವಾಗಿದ್ದರೆ ತೋಟಾ ಹಾಳು; ಗೀರಿದಂತೆ ಮೇಲುಮೇಲಾಗಿದ್ದರೆ ಕೇಪಿಗೆ ಬಡಿಯುವ ಸೂಜಿಯ ದಾರಿಯಲ್ಲಿ ಜಿಡ್ಡು ಕಟ್ಟಿರಬಹುದು ಅಥವಾ ಸ್ಪ್ರಿಂಗ್ ಸೋತಿರಬಹುದು.

‘ಪುಸ್’ ಎಂದು, ಕೈಗೆ ಒದೆತ ಕಡಿಮೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯ ನಡುವೆ ಕಚ್ಚಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆಯೇ ಸೀಳುತ್ತದೆ. ಮ್ಯಾಗಜಿನ್ ತಟ್ಟಿ, ಸ್ಲೈಡ್ ಎಳೆದು, ಮತ್ತೆ ಒತ್ತು ಎಂದು ಕಲಿಸುವ ಅಭ್ಯಾಸ ಉಳಿದ ಕಡೆ ಒಳ್ಳೆಯದೇ; ಇಲ್ಲಿ ಕೈ ಕಳೆಯುತ್ತದೆ. ಸರಳು ಹಾಕಿ ನೀವೇ ಕುಟ್ಟುವುದೂ ಬೇಡ.

ಹಿಂದಿನ ಈಡು ಸರಿಯಾಗಿಯೇ ಹಾರಿ, ಮತ್ತೆ ಒತ್ತಿದಾಗ ಶಬ್ದವೇ ಇಲ್ಲದೆ ಸ್ಲೈಡ್ ಅರ್ಧಕ್ಕೆ ನಿಂತಿದ್ದರೆ ಗಾಬರಿ ಬೇಡ. ಖಾಲಿ ಕೋಶ ಹೊಗೆಗೂಡಿನಂತೆ ನೆಟ್ಟಗೆ ನಿಂತಿದ್ದರೆ ಹಿಡಿತ ಸಡಿಲವಾಗಿತ್ತು, ಇಲ್ಲವೇ ಕೋಶ ಎಳೆಯುವ ಕೊಕ್ಕೆಯಲ್ಲಿ ಮಸಿ ತುಂಬಿದೆ. ಎರಡು ತೋಟಾ ಒಟ್ಟಿಗೆ ನುಗ್ಗಿದ್ದರೆ ಸ್ಲೈಡನ್ನು ಹಿಂದಕ್ಕೆ ಎಳೆದು ಲಾಕ್ ಮಾಡಿ, ಮ್ಯಾಗಜಿನ್ ಕಿತ್ತು, ಸ್ಲೈಡನ್ನು ಕೆಲವು ಸಲ ಎಳೆದು, ಕೊನೆಗೆ ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಒಳಗೆ ಖಾಲಿಯೇ ಎಂದು ನೋಡಿ.

ನಮ್ಮಲ್ಲಿ ಸಾಮಾನ್ಯ ಪರವಾನಗಿಗೆ 9 ಎಂ.ಎಂ. ಅಳತೆಯ ಪಿಸ್ತೂಲು ಸಿಗುವುದಿಲ್ಲವಾದ್ದರಿಂದ ಹೆಚ್ಚಿನವರ ಬಳಿ ಇರುವುದು .32 ಅಳತೆಯದು. ಅಮೆರಿಕದ ಕೋವಿ ತಜ್ಞ ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ ಈ ತೋಟಾಕ್ಕೆ ಒಂದು ಹುಟ್ಟುಗುಣವಿದೆ: ತಳದ ಅಂಚು ಮೈಗಿಂತ ಕೂದಲೆಳೆಯಷ್ಟು ಅಗಲ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಆಗ ಎಷ್ಟು ಎಳೆದರೂ ಮೇಲಿನದು ಮುಂದೆ ಸರಿಯದು. ಮ್ಯಾಗಜಿನ್ ತೆಗೆದು, ಕೆಳಗಿನದನ್ನು ಒತ್ತಿ ಬಿಡಿಸುವುದೇ ದಾರಿ. ತುಂಬುವಾಗಲೇ ಪ್ರತಿಯೊಂದರ ಅಂಚು ಕೆಳಗಿನದರ ಮುಂದೆ ಕುಳಿತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರೆ ಈ ಪೀಡೆ ಬಹುಪಾಲು ತಪ್ಪುತ್ತದೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ ಸೀಮೆಯಲ್ಲಿ ಬಟ್ಟೆಯೇ ಒಣಗದು. ಚರ್ಮದ ಚೀಲದಲ್ಲಿಟ್ಟ ಉಕ್ಕು ತುಕ್ಕು ಹಿಡಿಯದೆ ಇದ್ದೀತೇ? ಪಿಸ್ತೂಲನ್ನು ಚೀಲದಿಂದ ಹೊರತೆಗೆದು, ತೆಳುವಾಗಿ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ. ತೋಟಾಕ್ಕೆ ಮಾತ್ರ ಎಣ್ಣೆ ತಾಗಿಸಬೇಡಿ, ಕೇಪಿನೊಳಗೆ ಇಳಿದು ಅದನ್ನು ಸಾಯಿಸುತ್ತದೆ. ಹಿತ್ತಾಳೆಗೆ ಹಸಿರು ಕಿಲುಬು ಬಂದಿದ್ದರೆ ಅಂಗಡಿಗೆ ಹಿಂದಿರುಗಿಸಿ.

ದುರಸ್ತಿಗೆ ಊರಿನ ಕುಲುಮೆಗೋ ಲೇತ್ ಅಂಗಡಿಗೋ ಕೊಡುವ ರೂಢಿ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ರಿಪೇರಿ ವ್ಯಾಪಾರ ಮಾಡುವುದು ಅಪರಾಧ. ಸರಿಯಾಯಿತೇ ಎಂದು ಅಡಿಕೆ ತೋಟದಲ್ಲಿ ಹಾರಿಸಿ ನೋಡುವುದೂ ಸಲ್ಲದು. ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರವಾನಗಿ ಇರುವ ಅಂಗಡಿಗೆ ಪರವಾನಗಿ ಪುಸ್ತಕ ಹಿಡಿದು, ಪಿಸ್ತೂಲು ಖಾಲಿ ಮಾಡಿಕೊಂಡೇ ಹೋಗಿ. ತೋಟಾ ಒಳಗೇ ಸಿಕ್ಕಿ ಹೊರಬಾರದಿದ್ದರೆ ಅದನ್ನು ಬಸ್ಸಿನಲ್ಲಿ ಹೊತ್ತೊಯ್ಯದೆ ಮೊದಲು ಅವರಿಗೆ ಫೋನ್ ಮಾಡಿ.

ಎರಡು ಮ್ಯಾಗಜಿನ್ ಇದ್ದರೆ ತಳಕ್ಕೆ ಬಣ್ಣದಿಂದ 1, 2 ಎಂದು ಗುರುತು ಹಾಕಿ, ಯಾವುದರಲ್ಲಿ ತೊಂದರೆ ಬಂತೆಂದು ಬರೆದಿಡಿ. ಪ್ರತಿ ಸಲವೂ ಒಂದೇ ಮ್ಯಾಗಜಿನ್ ಸಿಕ್ಕಿಬಿದ್ದರೆ ಪಿಸ್ತೂಲು ಬಿಚ್ಚಿಸುವ ಖರ್ಚೇ ಬೇಡ, ಅದೊಂದನ್ನು ಬದಲಿಸಿದರೆ ಸಾಕು.