ಲೂಡೋ ಬದಿಗಿಡಿ, ಹುಣಸೆ ಬೀಜ ಉಜ್ಜಿ: ಮನೆಯಲ್ಲೇ ಚೌಕಾಬಾರ

ಮಕ್ಕಳಿಗೆ ಲೂಡೋ ಕೊಡಿಸೋಕೆ ಮುಂಚೆ ಒಂದು ವಿಷಯ ಗೊತ್ತಿರಲಿ. ಅದರ ಮೂಲ ಕವಡೆ ಎಸೆದು ಆಡೋ ನಮ್ಮ ಪಚ್ಚೀಸಿ. ಕವಡೆ ತೆಗೆದು ದಾಳ ಹಾಕಿ, ಆಟ ಸರಳ ಮಾಡಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ತಗೊಂಡರು. ಹಾವು ಏಣಿ ಕೂಡ ಇಲ್ಲಿಂದಲೇ ಹೋಗಿದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಆಟಗಳ ಹುಚ್ಚು: ಹೊಸ ಹೊಸ ಗಂಜೀಫಾ (ಚಿತ್ರ ಬರೆದ ಹಳೇ ಕಾಲದ ಇಸ್ಪೀಟು) ಆಟ ಕಟ್ಟಿದರು, ಚದುರಂಗದ ಕುದುರೆ 64 ಮನೆಗೂ ಒಂದೊಂದೇ ಸಲ ಹೋಗಿ ಬರುವ ದಾರಿಗಳನ್ನು ಹುಡುಕಿದರು. ಅಂಥ ಊರಲ್ಲಿದ್ದುಕೊಂಡು ಪ್ಲಾಸ್ಟಿಕ್ ದಾಳಕ್ಕೆ ಯಾಕೆ ದುಡ್ಡು ಕೊಡಬೇಕು, ಅಲ್ವಾ?

ಚೌಕಾಬಾರಕ್ಕೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, ಒಟ್ಟು 25 ಮನೆ ಬರೆಯಿರಿ. ನಾಲ್ಕು ಬದಿಯ ನಡು ಮನೆ ಮತ್ತು ಒಳಗಿನ ನಟ್ಟನಡುವಿನ ಮನೆಗೆ ಕತ್ತರಿ ಗುರುತು ಹಾಕಿ. ಅವು ಕಟ್ಟೆ, ಅಲ್ಲಿರೋ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ.

ಈಗ ಬೀಜ. ಕವಡೆ ಇಲ್ಲದಿದ್ದರೆ ದಪ್ಪನೆಯ, ಒಂದೇ ಅಳತೆಯ ನಾಲ್ಕು ಹುಣಸೆ ಬೀಜ ಆರಿಸಿ. ಸ್ವಲ್ಪ ನೀರು ಚಿಮುಕಿಸಿ ಒರಟು ಕಲ್ಲಿನ ಮೇಲೆ ಒಂದೇ ಕಡೆ ಉಜ್ಜಿ. ಕಂದು ಸಿಪ್ಪೆ ಹೋಗಿ ಬಿಳಿ ಕಾಣಬೇಕು, ಅಷ್ಟೇ. ಒಣಗಿದ್ದನ್ನೇ ಜೋರಾಗಿ ಉಜ್ಜಿದರೆ ಬೀಜ ಕಾದು ಬೆರಳು ಚುರುಗುಟ್ಟುತ್ತೆ (ಪಕ್ಕದವರ ತೋಳಿಗೆ ಮುಟ್ಟಿಸೋ ಕಿಲಾಡಿ ಮಕ್ಕಳನ್ನು ನೋಡಿಕೊಳ್ಳಿ). ಜಾಸ್ತಿ ಉಜ್ಜಿ ತೆಳ್ಳಗಾದರೆ ಸದಾ ಒಂದೇ ಮಗ್ಗುಲಿಗೆ ಬೀಳುತ್ತೆ, ಆಟ ಕೆಟ್ಟಂತೆ. ಆಡುವ ಮುಂಚೆ ಸುಮ್ನೆ ಹತ್ತಿಪ್ಪತ್ತು ಸಲ ಎಸೆದು ನೋಡಿ.

ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ನಾಲ್ಕೂ ಕಂದಾದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಎಸೆಯಬಹುದು.

ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಗುಂಡಿ, ಬಳೆ ಚೂರು, ಅವರೆಕಾಳು, ಬಣ್ಣ ಬೇರೆ ಇದ್ದರೆ ಏನಾದರೂ ಸರಿ. ತಮ್ಮ ಬದಿಯ ಕಟ್ಟೆಯಿಂದ ಹೊರಟು ಹೊರಗಿನ 16 ಮನೆ ಗಡಿಯಾರದ ಮುಳ್ಳಿಗೆ ಎದುರು ಸುತ್ತಿ, ಕಟ್ಟೆಗಿಂತ ಒಂದು ಮನೆ ಹಿಂದೆಯೇ ಒಳಗೆ ತಿರುಗಿ, ಅಲ್ಲಿನ ಎಂಟು ಮನೆ ಮುಳ್ಳಿನ ದಿಕ್ಕಲ್ಲೇ ಸುತ್ತಿ ನಡುವಿಗೆ ಬಂದರೆ ಕಾಯಿ ಹಣ್ಣು. ನಾಲ್ಕೂ ಮೊದಲು ಹಣ್ಣಾದವರು ಗೆದ್ದರು. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನೋದು ಬಹಳ ಮನೆಗಳ ನಿಯಮ, ನನ್ನ ಪ್ರಕಾರ ಅದಿಲ್ಲದೆ ಆಟಕ್ಕೆ ಖಾರವೇ ಇಲ್ಲ. ಕೆಲವರು ಚೌಕ ಬಿದ್ದರೆ ಮಾತ್ರ ಕಾಯಿ ಬಿಡುತ್ತಾರೆ. ಯಾವುದು ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲಾಂದ್ರೆ ಅರ್ಧ ಆಟದಲ್ಲಿ ಜಗಳ ಗ್ಯಾರಂಟಿ.